ತಪ್ಪಾದರೆ ಅಪ್ಪನಿಗೆ ಹೇಳುವುದಿಲ್ಲ ಎಂದ ಮಗಳಿಗೆ

ಯಾದಗಿರಿ,
ಗುರುವಾರ ರಾತ್ರಿ

ಚಿರಂಜೀವಿ ಮಗಳಿಗೆ ನಿನ್ನ ದೊಡ್ಡಪ್ಪ ಮಾಡುವ ಆಶೀರ್ವಾದಗಳು.

ನಿನ್ನ ಪತ್ರ ಸೋಮವಾರ ಕೈಸೇರಿತು. ಮನೆಯ ಸುದ್ದಿ, ಹೊಲದ ಸುದ್ದಿಗಳನ್ನು ನಿನ್ನ ಅಪ್ಪ ಫೋನಿನಲ್ಲಿ ಹೇಳುತ್ತಲೇ ಇರುತ್ತಾನಾದ್ದರಿಂದ ಅವನ್ನು ಇಲ್ಲಿ ಬರೆಯುವುದಿಲ್ಲ. ಯಂತ್ರಕ್ಕೆಂದು ಆತ ಹಣವನ್ನು ಹೇಗೆ ಹೊಂದಿಸಿದ ಎಂಬುದು ನಿನಗೂ ಗೊತ್ತು, ನನಗೂ ಗೊತ್ತು. ಕೀಬೋರ್ಡ್ ಕಳಚಿ ತೆಗೆಯಬಹುದಾದ ಟ್ಯಾಬ್ ಒಂದನ್ನು ಕೊಂಡರೆ ಲ್ಯಾಪ್‌ಟಾಪ್ ಇಲ್ಲದೆಯೇ ಪಿಎಚ್.ಡಿ. ಪ್ರಬಂಧವನ್ನು ಮುಗಿಸಬಹುದೇ ಎಂದು ಕೇಳಿದ್ದೀ. ನನಗೆ ತಿಳಿದಷ್ಟನ್ನು ಬರೆಯುತ್ತೇನೆ. ಆದರೆ ಪತ್ರದ ಕೊನೆಗೆ, ಸಹಿ ಹಾಕಿದ ಮೇಲೆ ಬೇರೆ ಪೆನ್ನಿನಿಂದ ನೀನು ಸೇರಿಸಿದ ಒಂದು ಸಾಲು ನನ್ನನ್ನು ಮೂರು ರಾತ್ರಿ ನಿದ್ದೆಗೆಡಿಸಿದೆ: “ಒಂದು ವೇಳೆ ತಪ್ಪಾದದ್ದನ್ನು ಕೊಂಡರೂ ಅಪ್ಪನಿಗೆ ಹೇಳುವುದಿಲ್ಲ ದೊಡ್ಡಪ್ಪ, ಹೇಗಾದರೂ ಮಾಡಿ ಅದರಲ್ಲೇ ಮುಗಿಸುತ್ತೇನೆ.”

ಆ ಸಾಲನ್ನು ನೀನು ಧೈರ್ಯದ ಮಾತೆಂದು ಬರೆದಿರಬಹುದು. ನನಗೆ ಅದರಲ್ಲಿ ಭಯ ಕಾಣಿಸಿತು, ಅದೂ ನನಗೆ ಚೆನ್ನಾಗಿ ಪರಿಚಯವಿರುವ ಭಯ. ಅದಕ್ಕೆ ಆಮೇಲೆ ಬರುತ್ತೇನೆ.

ಪಕ್ಕದ ಮನೆಯಲ್ಲಿ ಬ್ಯಾಂಕಿನಲ್ಲಿ ಕೆಲಸ ಮಾಡುವ ಹುಡುಗನಿದ್ದಾನೆ. ನೀನು ಹೇಳಿದಂತಹದೇ ಯಂತ್ರ ಆತನ ಬಳಿ ಇದೆ ಎಂದು ತಿಳಿದು, ಎರಡು ಸಂಜೆಯ ಮಟ್ಟಿಗೆ ಎರವಲು ತಂದೆ. ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಬೆರಳಚ್ಚಿನಲ್ಲೇ ಬದುಕಿದವನಾದ್ದರಿಂದ ಯಂತ್ರವನ್ನು ಮುಟ್ಟದೆ ಮಾತಾಡಲು ನನಗೆ ಮನಸ್ಸು ಬರುವುದಿಲ್ಲ. ಮೊದಲ ಸಂಜೆ ಅದನ್ನು ಮೇಜಿನ ಮೇಲಿಟ್ಟು, ನೀನು ಕಳಿಸಿದ್ದ ನಾಗಾವಿಯ ಶಾಸನದ ಚಿತ್ರವನ್ನು ತೆರೆದೆ. ಕೀಬೋರ್ಡನ್ನು ಕಳಚಿ, ಪರದೆಯನ್ನು ಪಾಟಿಯ ಹಾಗೆ ಕೈಯಲ್ಲಿ ಹಿಡಿದು, ಸವೆದ ಅಕ್ಷರವೊಂದನ್ನು ಹಿಗ್ಗಿಸಿ ಅದರ ಸುತ್ತ ಪೆನ್ನಿನಿಂದ ಗೆರೆ ಎಳೆದೆ. ಅಂಚಿನಲ್ಲಿ ನನಗೆ ತೋಚಿದ ಓದನ್ನೂ ಬರೆದೆ. ಮಗಳೇ, ಅದು ನಿಜಕ್ಕೂ ಸೊಗಸಾದ ಅನುಭವ. ಯಾವ ಲ್ಯಾಪ್‌ಟಾಪೂ ಹಾಗೆ ಕಲ್ಲಿನ ಹತ್ತಿರಕ್ಕೆ ಕರೆದೊಯ್ಯಲಾರದು. ನೀನು ಅದಕ್ಕೆ ಮನಸೋತದ್ದರಲ್ಲಿ ತಪ್ಪೇನೂ ಇಲ್ಲ.

ಎರಡನೆಯ ಸಂಜೆ ನವಾರದ ಮಂಚದ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತು, ಹಾಸ್ಟೆಲಿನಲ್ಲಿ ನೀನು ಕೂರುವ ಹಾಗೆ, ಅದನ್ನು ತೊಡೆಯ ಮೇಲಿಟ್ಟುಕೊಂಡು, ಕನ್ನಡ ಬೆರಳಚ್ಚಿನ ‘ನುಡಿ’ ತಂತ್ರಾಂಶದಲ್ಲಿ ಎರಡು ಪುಟ ಹೊಡೆದೆ. ಬೆನ್ನಿಗಿರುವ ಸ್ಟ್ಯಾಂಡಿನ ಅಂಚು ಮೊಣಕಾಲಿನ ಮೇಲ್ಗಡೆ ಒತ್ತತೊಡಗಿತು. ಕಾಲನ್ನು ಸ್ವಲ್ಪ ಸರಿಸಿದರೆ ಪರದೆ ಹಿಂದಕ್ಕೆ ಮಲಗಿತು. ರಟ್ಟಿನಷ್ಟು ತೆಳ್ಳಗಿನ ಕೀಬೋರ್ಡಿಗೆ ಕೆಳಗಿನಿಂದ ಆಸರೆಯಿಲ್ಲದ್ದರಿಂದ, ಒತ್ತಕ್ಷರಕ್ಕೆಂದು ಎಫ್ ಕೀಲಿಯನ್ನು ಒತ್ತಿದಾಗಲೆಲ್ಲ ಅದು ನಡುವೆ ತಗ್ಗುತ್ತಿತ್ತು. ಕನ್ನಡದಲ್ಲಿ ಒತ್ತು ಬಾರದ ಸಾಲು ಎಷ್ಟಿವೆ ಹೇಳು. ಎರಡು ಪುಟಕ್ಕೆ ನನ್ನ ಮಣಿಕಟ್ಟು ನೊಂದಿತು. ನಿನ್ನ ಪ್ರಬಂಧ ಮುನ್ನೂರು ಪುಟದ್ದು. ನಿನ್ನ ಕೋಣೆಯಲ್ಲಿ ಮೇಜು ಇದೆಯೇ? ಇದ್ದರೆ ಅದು ನಿನ್ನೊಬ್ಬಳದೇ, ಇಬ್ಬರದೇ? ಇದನ್ನು ತಪ್ಪದೆ ತಿಳಿಸು. ಸಣ್ಣ ಪ್ರಶ್ನೆ ಎನಿಸಬಹುದು, ನನ್ನ ಉತ್ತರದ ಅರ್ಧ ಭಾಗ ಅದರ ಮೇಲೆ ನಿಂತಿದೆ.

ಟ್ಯಾಬ್ ಲ್ಯಾಪ್‌ಟಾಪಿಗೆ ಬದಲಿಯಾಗುತ್ತದೆ ಎಂಬ ಮಾತು ಹೊಸದೇನೂ ಅಲ್ಲ. ಮೈಕ್ರೋಸಾಫ್ಟ್ ಕಂಪನಿ 2012ರಲ್ಲಿ ಸರ್ಫೇಸ್ ಆರ್‌ಟಿ ಎಂಬ ಟ್ಯಾಬನ್ನು ತಂದಾಗ ಅದು ನೋಡುವುದಕ್ಕೆ ವಿಂಡೋಸ್ ಆಗಿತ್ತೇ ಹೊರತು, ಜನ ವರ್ಷಗಟ್ಟಲೆ ಬಳಸಿದ್ದ ವಿಂಡೋಸ್ ತಂತ್ರಾಂಶಗಳನ್ನು ಅದರಲ್ಲಿ ಹಾಕಿಕೊಳ್ಳಲು ಆಗುತ್ತಿರಲಿಲ್ಲ. ಅದು ನಿರೀಕ್ಷಿಸಿದಷ್ಟು ಮಾರಾಟವಾಗದೆ, 2013ರಲ್ಲಿ ಕಂಪನಿ 90 ಕೋಟಿ ಡಾಲರನ್ನು ನಷ್ಟವೆಂದು ತನ್ನ ಲೆಕ್ಕದಲ್ಲಿ ಎಲ್ಲರೆದುರು ಬರೆದುಕೊಂಡಿತು. ಮರುವರ್ಷವೇ ಸರ್ಫೇಸ್ ಪ್ರೊ 3 ಬಂತು. 12 ಅಂಗುಲದ ಪರದೆ, 800 ಗ್ರಾಂ ತೂಕ, ಸಾಮಾನ್ಯ ವಿಂಡೋಸ್ ತಂತ್ರಾಂಶಗಳೆಲ್ಲ ಅದರಲ್ಲಿ ನಡೆಯುತ್ತಿದ್ದವು. ಅಷ್ಟು ದೊಡ್ಡ ಕಂಪನಿಯೇ ಇದು ಸರಿಹೋಗಲಿಲ್ಲ ಎಂದು ಬರೆದುಕೊಟ್ಟು ಮುಂದಕ್ಕೆ ಹೋಯಿತು. ಹಾಗಿರುವಾಗ ನೀನು ನಿನ್ನ ಹಡೆದಪ್ಪನ ಮುಂದೆ ಬಾಯಿ ಬಿಡುವುದಿಲ್ಲ ಎನ್ನುತ್ತೀಯಲ್ಲ, ಅದು ನನಗೆ ಸಂಕಟವಾಗುತ್ತದೆ.

ಈಗ ನನ್ನ ಮಾತು ಹೇಳುತ್ತೇನೆ. ಇದು ನಿನ್ನ ಅಪ್ಪನಿಗೂ ಗೊತ್ತಿಲ್ಲ.

ಸೀನಿಯರ್ ಟೈಪಿಂಗ್ ಪರೀಕ್ಷೆ ಪಾಸಾದ ವರ್ಷ, ಅಂದರೆ 1984ರಲ್ಲಿ, ನಿಮ್ಮ ಮುತ್ಯಾ ತೊಗರಿ ಮಾರಿ ನನಗೆ ಟೈಪ್‌ರೈಟರ್ ಕೊಡಿಸಿದ ಕಥೆಯನ್ನು ನೀವೆಲ್ಲ ಕೇಳಿದ್ದೀರಿ. ಅಂದು ಗುಲಬರ್ಗಾದ ಅಂಗಡಿಯಲ್ಲಿ ನಮ್ಮ ಮುಂದೆ ಎರಡು ಯಂತ್ರಗಳಿದ್ದವು. ಒಂದು ಕಚೇರಿಯಲ್ಲಿ ಬಳಸುವ ದೊಡ್ಡದು. ಅದನ್ನು ಎತ್ತಿಡಲು ಅಂಗಡಿಯ ಆಳು ಎರಡೂ ಕೈ ಹಾಕಬೇಕಾಗಿತ್ತು. ಇನ್ನೊಂದು ಪೋರ್ಟೆಬಲ್. ಅದಕ್ಕೆ ಸೂಟ್‌ಕೇಸಿನಂತಹ ಮುಚ್ಚಳ, ಹಿಡಿಕೆ ಇದ್ದವು. ಊರಿಗೂ ಪೇಟೆಗೂ ಬಸ್ಸಿನಲ್ಲಿ ಒಯ್ಯಬಹುದು, ಎಲ್ಲಿ ಕುಳಿತರೂ ಕೆಲಸ ಮಾಡಬಹುದು ಎಂದು ಮುತ್ಯಾನಿಗೆ ತಿಳಿಸಿ ಹೇಳಿದೆ. ಅದು ಸುಳ್ಳಲ್ಲ. ಆದರೆ ಅದು ನೋಡಲು ಚಂದವಾಗಿತ್ತು ಎಂಬುದನ್ನು ಮಾತ್ರ ಹೇಳಲಿಲ್ಲ. ಅವರು ಹಣ ಎಣಿಸಿ ಕೊಟ್ಟು, ರಸೀದಿಯನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಒಳಜೇಬಿನಲ್ಲಿ ಇಟ್ಟುಕೊಂಡರು.

ಕೋರ್ಟಿನ ಎದುರು ಬೇವಿನ ಮರದ ಕೆಳಗೆ ಅರ್ಜಿ ಹೊಡೆಯಲು ಕುಳಿತ ಎರಡನೆಯ ವಾರದಲ್ಲೇ ನನ್ನ ತಪ್ಪು ನನಗೆ ತಿಳಿಯಿತು. ವಕೀಲರಿಗೆ ಒಂದೇ ಸಲಕ್ಕೆ ಐದು ಪ್ರತಿ ಬೇಕಾಗುತ್ತಿತ್ತು. ಪೋರ್ಟೆಬಲ್‌ನ ಹಗುರವಾದ ಪೆಟ್ಟು ಮೂರು ಕಾರ್ಬನ್ ದಾಟಿ ಕೆಳಗೆ ಇಳಿಯುತ್ತಿರಲಿಲ್ಲ. ನಾಲ್ಕನೆಯ ಪ್ರತಿಯನ್ನು ಬಿಸಿಲಿಗೆ ಹಿಡಿದರೆ ಒತ್ತುಗಳು ಇರುವೆಯ ಕಾಲಿನ ಹಾಗೆ ಕಾಣುತ್ತಿದ್ದವು, ಐದನೆಯದರಲ್ಲಿ ಅವೂ ಇರುತ್ತಿರಲಿಲ್ಲ. ಹಿಸ್ಸೆಯ ದಾವೆಗಳಿಗೆ ಬೇಕಾದ ಅಗಲದ ತಖ್ತೆಯ ಕಾಗದವಂತೂ ಅದರ ರೋಲರಿನೊಳಗೆ ಹೋಗುತ್ತಲೇ ಇರಲಿಲ್ಲ. ಹಗಲು ಒಪ್ಪಿಕೊಂಡ ಕೆಲಸವನ್ನು ರಾತ್ರಿ ಒಂದು ಟೈಪಿಂಗ್ ಕ್ಲಾಸಿಗೆ ಹೋಗಿ, ಗಂಟೆಯ ಲೆಕ್ಕದಲ್ಲಿ ದೊಡ್ಡ ಯಂತ್ರವನ್ನು ಬಾಡಿಗೆಗೆ ಹಿಡಿದು ಮುಗಿಸುತ್ತಿದ್ದೆ. ದುಡಿದದ್ದರಲ್ಲಿ ಅರ್ಧ ಬಾಡಿಗೆಗೇ ಹೋಗುತ್ತಿತ್ತು. ಹೀಗೆ ಎರಡು ವರ್ಷ ನಡೆಯಿತು. ಊರಿಗೆ ಹೋದಾಗಲೆಲ್ಲ ಮುತ್ಯಾ ಒಂದೇ ಮಾತು ಕೇಳುತ್ತಿದ್ದರು: “ಮಿಷನ್ ಛಲೋ ನಡದದ ಏನೋ?” ನಾನು “ನಡದದ ಅಪ್ಪಾ” ಎನ್ನುತ್ತಿದ್ದೆ.

ಆಮೇಲೆ ನನಗೆ ಕೋರ್ಟಿನಲ್ಲೇ ನೌಕರಿಯಾಯಿತು. ಆ ಮಿಷನ್ನಿನಿಂದಲೇ ಮಗನಿಗೆ ನೌಕರಿ ಸಿಕ್ಕಿತೆಂದು ಅವರು ಕೊನೆಯವರೆಗೂ ಬಂದವರ ಮುಂದೆ ಹೇಳಿಕೊಂಡರು. ನಾನು ಪಕ್ಕದಲ್ಲಿ ತಲೆ ತಗ್ಗಿಸಿ ಕೂತಿರುತ್ತಿದ್ದೆ. ಅವರು ತೀರಿಕೊಂಡ ಮೇಲೆ ಒಮ್ಮೆ ಆ ಅಂಗಡಿಯ ಯಜಮಾನರು ಸಿಕ್ಕಾಗ, ತಿಂಗಳೊಳಗೆ ರಸೀದಿ ತಂದಿದ್ದರೆ ಸ್ವಲ್ಪ ಹೆಚ್ಚಿಗೆ ಹಣ ಪಡೆದು ದೊಡ್ಡದನ್ನೇ ಕೊಡುತ್ತಿದ್ದೆನೆಂದು ಹೇಳಿದರು. ರಸೀದಿ ಮುತ್ಯಾನ ಜೇಬಿನಲ್ಲಿತ್ತು. ಕೇಳಿದ್ದರೆ ಕೊಡುತ್ತಿದ್ದರು. ಬಹುಶಃ ಒಂದು ದಿನ ಸಿಟ್ಟಾಗುತ್ತಿದ್ದರು, ಅಷ್ಟೆ. ತಪ್ಪು ಯಂತ್ರ ಕೊಂಡದ್ದಕ್ಕೆ ನಾನು ಇಂದು ಮರುಗುವುದಿಲ್ಲ. ಅವರ ಒಂದು ದಿನದ ಸಿಟ್ಟಿಗೆ ಹೆದರಿ ಎರಡು ವರ್ಷ ಅವರಿಗೆ ಸುಳ್ಳು ಹೇಳಿದ್ದು ಇಂದಿಗೂ ಗಂಟಲಲ್ಲಿ ಸಿಕ್ಕಿಕೊಂಡಿದೆ. ನಿನ್ನ ಆ ಸಾಲನ್ನು ಓದಿದಾಗ ನನ್ನದೇ “ನಡದದ ಅಪ್ಪಾ” ಕೇಳಿಸಿದ ಹಾಗಾಯಿತು.

ಎಲ್ಲಿಂದ ಎಲ್ಲಿಗೋ ಬಂದೆ. ನೀನು ಕೇಳಿದ್ದಕ್ಕೆ ಉತ್ತರ ಇನ್ನೂ ಪೂರ್ತಿಯಾಗಿಲ್ಲ, ಕ್ಷಮಿಸು.

ನಿನ್ನ ಗೈಡ್ ಸರ್ ಅವರ ಹಳೆಯ ಟಿಪ್ಪಣಿಗಳೆಲ್ಲ ನುಡಿಯಲ್ಲಿವೆ ಎಂದು ಬರೆದಿದ್ದೀ. ಅವು, ಯಾವ ಯಂತ್ರದಲ್ಲಿ ತೆರೆದರೂ ಕನ್ನಡವಾಗಿಯೇ ಕಾಣುವ ಯೂನಿಕೋಡ್‌ಗೆ ಮುಂಚಿನ ನುಡಿ ಅಕ್ಷರಗಳಲ್ಲಿದ್ದರೆ, ಆ ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದಾಗ ಕನ್ನಡದ ಬದಲು ಇಂಗ್ಲಿಷ್ ಅಕ್ಷರಗಳ ತಲೆಯ ಮೇಲೆ ಗೆರೆ, ಚುಕ್ಕೆ ಇಟ್ಟಂತಹ ಸಾಲುಗಳು ಕಾಣುತ್ತವೆ. ನಾನು ನನ್ನ ಮೊಬೈಲಿನಲ್ಲಿ ಹಳೆಯ ಫೈಲೊಂದನ್ನು ತೆರೆದು ಹೀಗೆ ಕಂಗಾಲಾಗಿದ್ದೇನೆ. ಐಪ್ಯಾಡ್ ಆಗಲಿ ಆಂಡ್ರಾಯ್ಡ್ ಟ್ಯಾಬ್ ಆಗಲಿ, ಹೊಸದಾಗಿ ಯೂನಿಕೋಡ್‌ನಲ್ಲಿ ಬರೆಯಲು ಅಡ್ಡಿಯಿಲ್ಲ. 2020ರಿಂದ ಐಪ್ಯಾಡ್ ಪ್ರೊಗೆ ಟ್ರ್ಯಾಕ್‌ಪ್ಯಾಡ್ ಇರುವ ಕೀಬೋರ್ಡೂ ಬಂದಿದೆ. ಆದರೆ ವಿಂಡೋಸ್‌ಗೆಂದು ಮಾಡಿದ ನುಡಿ ತಂತ್ರಾಂಶ ಅವುಗಳಲ್ಲಿ ನಡೆಯುವುದಿಲ್ಲ. ಆದ್ದರಿಂದ ಇರುವುದು ಒಂದೇ ಯಂತ್ರ ಎಂದಾದರೆ ವಿಂಡೋಸ್ ಇರುವುದನ್ನೇ ನೋಡು ಎಂದು ನನಗೆ ಅನಿಸುತ್ತದೆ. ಅದರಲ್ಲೂ, ಮೊಬೈಲುಗಳಲ್ಲಿ ಇರುವಂತಹ ಎಆರ್‌ಎಂ ಜಾತಿಯ ಚಿಪ್ ಇರುವವು ಈಗ ಬರುತ್ತಿವೆ. ಸಾಮಾನ್ಯ ತಂತ್ರಾಂಶಗಳು ಬಹಳಮಟ್ಟಿಗೆ ನಡೆದರೂ ಪ್ರಿಂಟರಿನ ಡ್ರೈವರ್ ಆ ಚಿಪ್‌ಗೆಂದೇ ಮಾಡಿದ್ದಾಗಿರಬೇಕಾಗುತ್ತದೆ, ವಿಭಾಗದ ಹಳೆಯ ಪ್ರಿಂಟರಿಗೆ ಅದು ಸಿಗದೆ ಹೋಗಬಹುದು. ಕೊಳ್ಳುವ ಮುಂಚೆ ಈ ಒಂದನ್ನು ಕೇಳು.

ಬೆಲೆಯ ವಿಷಯದಲ್ಲಿ ಸ್ವಲ್ಪ ಎಚ್ಚರವಿರಲಿ. ಅಂಗಡಿಯವರು ಹೇಳುವ ಬೆಲೆ ಅನೇಕ ವೇಳೆ ಬರೀ ಪರದೆಯದಾಗಿರುತ್ತದೆ. ಕೀಬೋರ್ಡ್, ಪೆನ್ನು ಬೇರೆ. ಮೂರನ್ನೂ ಕೂಡಿಸಿ ನೋಡಿದರೆ ಒಳ್ಳೆಯ ಲ್ಯಾಪ್‌ಟಾಪಿನ ಬೆಲೆಯನ್ನು ದಾಟಬಹುದು. ತೂಕದ ಲೆಕ್ಕವೂ ಹಾಗೆಯೇ. ಇಂತಹ ಯಂತ್ರಗಳಲ್ಲಿ ರ‍್ಯಾಮ್ ಸಾಮಾನ್ಯವಾಗಿ ಬೆಸುಗೆ ಹಾಕಿದ್ದಾದ್ದರಿಂದ ಆಮೇಲೆ ಹೆಚ್ಚಿಸಲು ಬರುವುದಿಲ್ಲ. ಇನ್ನು ನಮ್ಮ ಕಡೆಯ ಬಿಸಿಲು. ಐಪ್ಯಾಡನ್ನು 35 ಡಿಗ್ರಿಯೊಳಗೆ ಬಳಸಬೇಕೆಂದು ಆಪಲ್ ಕಂಪನಿಯೇ ಹೇಳುತ್ತದೆ. ಕಲಬುರಗಿಯ ಏಪ್ರಿಲ್, ಮೇ ತಿಂಗಳು ನಿನಗೆ ನಾನು ಹೇಳಬೇಕಿಲ್ಲ. ಲ್ಯಾಪ್‌ಟಾಪುಗಳಿಗೂ ಸೆಕೆ ಆಗದು, ಆದರೆ ಅವುಗಳಲ್ಲಿ ಬಹುಪಾಲಿಗೆ ಒಳಗೊಂದು ಫ್ಯಾನ್ ಇರುತ್ತದೆ. ನಾಗಾವಿಯ ಗುಡಿಯ ಮುಂದೆ ಮಧ್ಯಾಹ್ನದ ಬಿಸಿಲಲ್ಲಿ ಯಾವುದನ್ನೂ ತೆರೆದಿಡಬೇಡ.

ನನ್ನ ಅಭಿಪ್ರಾಯ ಕೇಳಿದರೆ, ಓದುವುದಕ್ಕೂ ಶಾಸನದ ಚಿತ್ರಗಳ ಮೇಲೆ ಗುರುತು ಮಾಡುವುದಕ್ಕೂ ಟ್ಯಾಬೇ ಮೇಲು, ಮುನ್ನೂರು ಪುಟ ಬರೆಯುವುದಕ್ಕೆ ಲ್ಯಾಪ್‌ಟಾಪೇ ಮೇಲು. ನಿನಗೆ ಎರಡೂ ಬೇಕು, ಹಣ ಒಂದಕ್ಕೇ ಇದೆ. ಕೀಬೋರ್ಡ್ ಕಳಚದೆ, ಪರದೆಯನ್ನೇ ಪೂರ್ತಿ ಹಿಂದಕ್ಕೆ ಮಡಚುವ ಜಾತಿಯೊಂದಿದೆ. ತೊಡೆಯ ಮೇಲೆ ಗಟ್ಟಿಯಾಗಿ ಕೂರುತ್ತದೆ, ಪೆನ್ನಿನಿಂದಲೂ ಬರೆಯಬಹುದು, ಕೈಯಲ್ಲಿ ಹಿಡಿಯಲು ಮಾತ್ರ ತುಸು ಭಾರ. ನನ್ನ ಮನಸ್ಸು ಅತ್ತ ವಾಲುತ್ತದೆ. ಇದೂ ತಪ್ಪಾಗಬಹುದು. ಕಡೆಗೆ ಅದರ ಮುಂದೆ ಕುಳಿತು ಬರೆಯುವವಳು ನೀನು.

ಯಾವುದನ್ನೇ ಕೊಂಡರೂ ರಸೀದಿಯನ್ನು ನಿನ್ನ ಕೈಯಲ್ಲೇ ಇಟ್ಟುಕೊ. ಹಿಂದಿರುಗಿಸಲು ಎಷ್ಟು ದಿನ ಅವಕಾಶವಿದೆ ಎಂದು ಹಣ ಕೊಡುವ ಮೊದಲೇ ಕೇಳಿ ಬರೆದುಕೊ. ಆ ದಿನಗಳೊಳಗೆ ಮೇಜಿನ ಮೇಲೆ ಒಂದು ದಿನ, ಮಂಚದ ಮೇಲೆ ಒಂದು ದಿನ ಕುಳಿತು ಇಪ್ಪತ್ತು ಪುಟವಾದರೂ ಹೊಡೆದು ನೋಡು. ಆಗುತ್ತಿಲ್ಲ ಎನಿಸಿದ ದಿನ ಸಂಜೆಯೇ ನಿನ್ನ ಅಪ್ಪನಿಗೆ ಫೋನ್ ಮಾಡು. ಆತ ಸಿಟ್ಟಾದರೆ ಫೋನನ್ನು ನನಗೆ ಕೊಡಲು ಹೇಳು. ಅಂದು ನಾನು ಊರಲ್ಲೇ ಇರುವ ಹಾಗೆ ನೋಡಿಕೊಳ್ಳುತ್ತೇನೆ.

ಬರುವ ರವಿವಾರ ಬೆಳಗಿನ ರೈಲಿಗೆ ನಾನು ಕಲಬುರಗಿಗೆ ಬರುತ್ತಿದ್ದೇನೆ. ಪಕ್ಕದ ಮನೆಯ ಹುಡುಗ ತನ್ನ ಯಂತ್ರವನ್ನು ಅಂದೂ ಕೊಡುತ್ತೇನೆಂದಿದ್ದಾನೆ. ಗೈಡ್ ಸರ್ ಅವರ ಒಂದೆರಡು ಫೈಲನ್ನು ಪೆನ್‌ಡ್ರೈವಿನಲ್ಲಿ ಹಾಕಿಕೊಂಡು ಬಾ, ಅದರಲ್ಲಿ ತೆರೆದು ನೋಡೋಣ.

ಆ ಪೋರ್ಟೆಬಲ್ ಇನ್ನೂ ನಮ್ಮ ಅಟ್ಟದ ಮೇಲಿದೆ. ನಿನ್ನೆ ಇಳಿಸಿ ಧೂಳು ಒರೆಸಿದೆ. ರಿಬ್ಬನ್ ಒಣಗಿದೆ, ಕೀಲಿಗಳು ಮಾತ್ರ ಇನ್ನೂ ಏಳುತ್ತವೆ. ಶನಿವಾರ ನಿನ್ನ ಅಪ್ಪ ಸಂತೆಗೆಂದು ಇಲ್ಲಿಗೆ ಬರುತ್ತಾನೆ. ಅದನ್ನು ಅವನ ಮುಂದಿಟ್ಟು, ನಿನಗೆ ಬರೆದದ್ದನ್ನೆಲ್ಲ ಅವನಿಗೂ ಹೇಳಬೇಕೆಂದಿದ್ದೇನೆ.

ಇತಿ ನಿನ್ನ,
ದೊಡ್ಡಪ್ಪ