ಈಗ ಶಾಲೆಯ ಕಸ ಯಾರು ಹೊಡೀತಾರೆ?

ಪ್ರೀತಿಯ ಗೆಳೆಯಾ,

ನೀನು ಊರ ಶಾಲೆಯ ಎಸ್‌ಡಿಎಂಸಿ, ಅಂದ್ರೆ ಶಾಲೆ ನೋಡಿಕೊಳ್ಳೋ ಸಮಿತಿಯ ಅಧ್ಯಕ್ಷನಾದೆ ಅಂತ ಅವ್ವ ಫೋನಿನಲ್ಲಿ ಹೇಳಿದಳು. ತುಂಬಾ ಖುಷಿಯಾಯ್ತು. ಗ್ರೂಪಿನಲ್ಲಿ ನೀನು ಹಾಕಿದ ನಮ್ಮ ಕ್ಲಾಸಿನ ಹಳೇ ಫೋಟೋನೂ ನೋಡಿದೆ. ಆ ದಿನಗಳೇ ಚೆಂದ ಅಂತ ನೀನು ಬರೆದಿದ್ದೆ. ಚೆಂದವೇ, ಇಲ್ಲ ಅನ್ನಲ್ಲ. ಆದರೆ ಅದೇ ಕೋಣೆಯಲ್ಲಿ ಕೂತು ಕಲಿತ ನನಗೆ ನೆನಪಿರೋದು ಬೇರೆಯೇ. ಅದನ್ನ ನಿನಗೇ ಹೇಳಬೇಕು, ಯಾಕಂದ್ರೆ ಈಗ ನಿನ್ನ ಮಾತು ಅಲ್ಲಿ ನಡೆಯುತ್ತೆ.

ಪ್ರಾರ್ಥನೆಗೆ ಮುಂಚೆ ಕಸ ಹೊಡೆಯೋದು, ಕೊಡ ತುಂಬಿಸೋದು, ಮಾಸ್ತರ ಚಹಾದ ಲೋಟ ತೊಳೆಯೋದು, ಎಲ್ಲ ನಮ್ಮ ಹುಡುಗಿಯರ ಪಾಲು. ಗಂಟೆ ಹೊಡೆಯೋದು, ಧ್ವಜದ ಹಗ್ಗ ಕಟ್ಟೋದು ನಿಮ್ಮ ಹುಡುಗರದು. ಹಾಗಂತ ಯಾರೂ ಬರೆದಿಟ್ಟಿರಲಿಲ್ಲ ಅಲ್ವಾ? ಒಂದು ದಿನ ಮೂಲೆಯಲ್ಲಿ ಕಸ ಉಳಿದರೆ ಮಾತ್ರ "ಮನ್ಯಾಗೂ ಹಿಂಗ ಮಾಡ್ತೀರೇನು?" ಅಂತ ನಮಗೇ ಬೈಗುಳ.

ಆಮೇಲೆ ಮೆಣಸಿನಕಾಯಿ ಸುಗ್ಗಿ. ನಮ್ಮ ಬ್ಯಾಡಗಿ ಕಡೆ ಅದು ಬರೋದೇ ಜನವರಿ, ಫೆಬ್ರುವರಿಯಲ್ಲಿ, ಪರೀಕ್ಷೆ ತಲೆಮೇಲೆ ಇರುವಾಗ. ಹುಡುಗಿಯರ ಸಾಲು ಖಾಲಿ. ಇಡೀ ದಿನ ಕಾಯಿ ಬಿಡಿಸಿ, ತೊಟ್ಟು ಮುರಿದು, ರಾತ್ರಿ ಪುಸ್ತಕ ಹಿಡಿದರೆ ಬೆರಳ ತುದಿ ಉರೀತಿತ್ತು. ಎಷ್ಟು ತೊಳೆದರೂ ಖಾರ ಹೋಗ್ತಿರಲಿಲ್ಲ. ಮರೆತು ಕಣ್ಣು ಮುಟ್ಟಿಕೊಂಡರೆ ಮುಗೀತು, ಆವತ್ತಿನ ಓದು ಅಲ್ಲಿಗೇ.

ಏಳನೇದಕ್ಕೆ ನನ್ನ ಓದು ನಿಲ್ಲೋದಿತ್ತು. "ಎಷ್ಟ ಓದಿದ್ರೂ ರೊಟ್ಟಿ ಬಡಿಯೋದು ತಪ್ಪತೈತೇನು?" ಅಂತ ಅಜ್ಜಿ ಕೇಳುತ್ತಿದ್ದಳು. ಆದರೆ 2006-07ರಿಂದ ಸರ್ಕಾರ ಎಂಟನೇ ಕ್ಲಾಸಿಗೆ ಸೈಕಲ್ ಕೊಡೋಕೆ ಶುರು ಮಾಡಿತ್ತಲ್ಲ, ಮರುವರ್ಷ ನಮ್ಮ ಸರದಿ. ಸೈಕಲ್ ಬರುತ್ತೆ ಅಂತಲೇ ಅಪ್ಪ ಹೈಸ್ಕೂಲಿಗೆ ಹೆಸರು ಹಚ್ಚಿಸಿದ. ಹತ್ತನೇದು ಮುಗಿದ ಕೂಡಲೇ ಆ ಸೈಕಲ್ ತಮ್ಮನಿಗೆ ಹೋಯ್ತು. ಕಾಲೇಜಿಗೆ ಕಳಿಸು ಅಂತ ಅವ್ವ ಊಟ ಬಿಟ್ಟು ಕೂತಳು. ಅವಳ ಆ ಹಟದಿಂದಲೇ ನಾನು ಇವತ್ತು ಕೆಲಸದಲ್ಲಿದ್ದೀನಿ.

ಪ್ರತಿ ವರ್ಷ ರಿಸಲ್ಟ್ ಬಂದಾಗ ಹುಡುಗಿಯರೇ ಮುಂದು ಅಂತ ಪೇಪರಿನಲ್ಲಿ ಹಾಕ್ತಾರೆ. ಅವರೆಲ್ಲ ಆಮೇಲೆ ಎಲ್ಲಿ ಹೋದರು ಅಂತ ಯಾರು ಕೇಳ್ತಾರೆ? ಗಣಿತದಲ್ಲಿ ನಮ್ಮಿಬ್ಬರನ್ನೂ ಹಿಂದೆ ಹಾಕುತ್ತಿದ್ದ ಕೆಳಗಿನ ಓಣಿಯ ಹುಡುಗಿ ನೆನಪಿದ್ದಾಳಾ? ರಿಸಲ್ಟ್ ಬರುವ ಮುಂಚೆಯೇ ಅವಳ ಮದುವೆ ಆಯ್ತು. 18 ತುಂಬಬೇಕು ಅನ್ನೋ ಕಾನೂನು ಆಗಲೂ ಇತ್ತು. ಮಾಸ್ತರೂ ಬಂದು ಅಕ್ಕಿಕಾಳು ಹಾಕಿ ಊಟ ಮಾಡಿ ಹೋದರು. ಅದನ್ನ ನೆನೆಸಿಕೊಂಡರೆ ನನಗೆ ಇವತ್ತಿಗೂ ಸಿಟ್ಟು ಬರುತ್ತೆ.

ಅದಕ್ಕೇ ಕೇಳ್ತೀನಿ, ಈಗ ಅಲ್ಲಿ ಕಸ ಯಾರು ಹೊಡೀತಾರೆ? ಒಂದು ಪಾಳಿ ಪಟ್ಟಿ ಮಾಡಿಸು, ಹುಡುಗರ ಹೆಸರೂ ಅದರಲ್ಲಿ ಇರಲಿ. ಹುಡುಗಿಯರ ಶೌಚಾಲಯದಲ್ಲಿ ನೀರು ಬರುತ್ತಾ, ಒಳಗಿನ ಚಿಲಕ ಸರಿಯಿದೆಯಾ ಅಂತ ಒಬ್ಬ ಅಕ್ಕೋರನ್ನ ಕಳಿಸಿ ನೋಡಿಸು. ಮುಟ್ಟಾದ ದಿನ ನಾವು ಸುಮ್ನೆ ಮನೆಯಲ್ಲೇ ಉಳೀತಿದ್ದೆವು, ಹೊಟ್ಟೆನೋವು ಅಂತ ಸುಳ್ಳು ಹೇಳಿ. ಸುಗ್ಗಿಯಲ್ಲಿ ಹಾಜರಿ ಪುಸ್ತಕ ತೆಗೆದು ನೋಡು, ಯಾವ ಹುಡುಗಿ ಬರ್ತಿಲ್ಲವೋ ಅವರ ಮನೆಗೆ ನೀನೇ ಹೋಗು. ಊರವರು ನಿನ್ನ ಮಾತು ಕೇಳ್ತಾರೆ.

ಮುಂದಿನ ಸಭೆ ಯಾವಾಗ ಅಂತ ತಿಳಿಸು. ಅವ್ವನನ್ನ ಕಳಿಸ್ತೀನಿ.

ನಿನ್ನ ಗೆಳತಿ