ಸೇತುವೆ ಕೆಳಗಿನ ವಿಳಾಸ

ಮಾನ್ಯ ಸಂಪಾದಕರೇ,

ಮಕ್ಕಳ ಮೇಲೆ ಲೈಂಗಿಕ ದೌರ್ಜನ್ಯ ಮಾಡಿ ಜೈಲಿನಿಂದ ಹೊರಬಂದವರು ಶಾಲೆಗಳ ಹತ್ತಿರ ಮನೆ ಮಾಡಬಾರದು, ಅಮೆರಿಕದ ಹಾಗೆ ನಮ್ಮಲ್ಲೂ ಕಾನೂನು ಬರಲಿ ಎಂದು ಓದುಗರೊಬ್ಬರು ಬರೆದಿದ್ದರು. ನನಗೂ ಇಬ್ಬರು ಹೆಣ್ಣುಮಕ್ಕಳು. ಅವರ ಸಿಟ್ಟು ಅರ್ಥವಾಗುತ್ತದೆ. ಆದರೆ ನಾನಿರುವ ಫ್ಲೋರಿಡಾ ರಾಜ್ಯದ ಮಿಯಾಮಿಯಲ್ಲಿ ಆ ಕಾನೂನಿನಿಂದ ಏನಾಯಿತು ಅಂತ ಹೇಳಲೇಬೇಕು.

2005ರಲ್ಲಿ ಇಲ್ಲಿನ ಮಿಯಾಮಿ-ಡೇಡ್ ಕೌಂಟಿ, ಅಂದರೆ ಜಿಲ್ಲಾಡಳಿತ, ಒಂದು ನಿಯಮ ತಂದಿತು. ಇಂಥವರು ಯಾವ ಶಾಲೆಯಿಂದಲೂ 2,500 ಅಡಿ ದೂರದಲ್ಲೇ ವಾಸ ಮಾಡಬೇಕು. ಅಂದರೆ ಮುಕ್ಕಾಲು ಕಿಲೋಮೀಟರ್. ಊರ ತುಂಬ ಶಾಲೆಗಳಿರುವಾಗ ಬಾಡಿಗೆ ಮನೆ ಎಲ್ಲಿ ಸಿಗಬೇಕು? ಸಮುದ್ರದ ಕೊಲ್ಲಿ ದಾಟುವ ಜೂಲಿಯಾ ಟಟಲ್ ಸೇತುವೆ ಕೆಳಗೆ ಟೆಂಟ್ ಹಾಕಿಕೊಂಡರು. ಒಂದು ಹಂತದಲ್ಲಿ ನೂರಕ್ಕೂ ಜಾಸ್ತಿ ಜನ ಅಲ್ಲಿದ್ದರು. ಕೆಲವರ ಡ್ರೈವಿಂಗ್ ಲೈಸೆನ್ಸಿನಲ್ಲಿ ಆ ಸೇತುವೆಯೇ ವಿಳಾಸ! 2010ರಲ್ಲಿ ಅವರನ್ನು ಅಲ್ಲಿಂದ ಎಬ್ಬಿಸಿದರು. ಆಮೇಲೆ ಹಾಯಲಿಯಾ ಹತ್ತಿರ ರೈಲು ಹಳಿ ಪಕ್ಕ ಟೆಂಟ್‌ಗಳು ಎದ್ದವು. 2018ರಲ್ಲಿ ಅದನ್ನೂ ಕಿತ್ತುಹಾಕಿದರು.

ಫ್ಲೋರಿಡಾ ಸರ್ಕಾರದ ವೆಬ್‌ಸೈಟಿನಲ್ಲಿ ಇವರ ಫೋಟೊ, ವಿಳಾಸ ಯಾರು ಬೇಕಾದರೂ ನೋಡಬಹುದು. ಮನೆ ಹಿಡಿಯುವ ಮುಂಚೆ ನಾನೂ ನೋಡಿದೆ. ಕೆಲವರ ವಿಳಾಸದ ಜಾಗದಲ್ಲಿ ‘ಟ್ರಾನ್ಸಿಯೆಂಟ್’ ಅಂತಿತ್ತು. ನೆಲೆಯಿಲ್ಲದವರು ಅಂತ ಅರ್ಥ. ಎದುರು ಬೀದಿಯ ಇಂಥ ಮನೆಯಲ್ಲಿದ್ದಾನೆ ಎಂದು ಗೊತ್ತಿರುವವನಿಗಿಂತ ನನಗೆ ಇವರ ಭಯವೇ ಹೆಚ್ಚು. ಅಲ್ಲದೆ ಈ 2,500 ಅಡಿಯ ಲೆಕ್ಕವೆಲ್ಲ ಮಲಗುವ ಜಾಗಕ್ಕೆ. ಹಗಲು ಎಲ್ಲಿ ಓಡಾಡುತ್ತಾನೆ ಅನ್ನುವುದು ಅದಕ್ಕೆ ಸಿಗುವುದಿಲ್ಲ.

ಮಿನ್ನೆಸೋಟಾ ರಾಜ್ಯದ ಕಾರಾಗೃಹ ಇಲಾಖೆ 2007ರಲ್ಲಿ, ಬಿಡುಗಡೆಯಾದ ಮೇಲೆ ಮತ್ತೆ ಇಂಥದೇ ಅಪರಾಧ ಮಾಡಿ ಜೈಲು ಸೇರಿದ 224 ಜನರ ಕೇಸುಗಳನ್ನು ಪರಿಶೀಲಿಸಿತು. ಇಂಥ ನಿಯಮ ಇದ್ದಿದ್ದರೆ ತಪ್ಪುತ್ತಿತ್ತು ಅನ್ನುವಂಥ ಕೇಸು ಒಂದೂ ಇರಲಿಲ್ಲ.

ಇನ್ನೊಂದು ವಿಚಿತ್ರ ಕೇಳಿ. ಮಿಯಾಮಿಯ ನಿಯಮಕ್ಕೆ ಲಾರೆನ್ ಬುಕ್ ಎಂಬ ಹೆಣ್ಣುಮಗಳ ಹೆಸರಿಟ್ಟರು. ಅದಕ್ಕಾಗಿ ಪಟ್ಟು ಹಿಡಿದವರು ಅವರ ಅಪ್ಪ ರಾನ್ ಬುಕ್. ಲಾರೆನ್‌ಗೆ ವರ್ಷಗಟ್ಟಲೆ ಹಿಂಸೆ ಕೊಟ್ಟವಳು ಅವರದೇ ಮನೆಯಲ್ಲಿದ್ದ ಆಯಾ! ಅಲ್ಲಿ ಯಾವ ಶಾಲೆಯಿಂದ ಅಳೆಯುತ್ತೀರಿ? ಆ ಅಪ್ಪನ ನೋವನ್ನು ನಾನು ಹಗುರ ಮಾಡುತ್ತಿಲ್ಲ. ಆದರೆ ಟೇಪು ಹಿಡಿದ ಜಾಗ ತಪ್ಪು.

ನಮ್ಮ ಬಸವನಗುಡಿಯಲ್ಲಿ ಮುಕ್ಕಾಲು ಕಿಲೋಮೀಟರಿನೊಳಗೆ ಒಂದೂ ಶಾಲೆಯಿಲ್ಲದ ಮನೆ ಯಾರಾದರೂ ತೋರಿಸಲಿ ನೋಡೋಣ. ಹೊಸ ಕಾನೂನು ಕೇಳುವ ಮುಂಚೆ ಇರುವುದನ್ನು ಬಳಸಬಹುದಲ್ವಾ? ಮಗುವಿನ ಮೇಲೆ ಲೈಂಗಿಕ ದೌರ್ಜನ್ಯವಾಗಿದ್ದು ಗೊತ್ತಾದರೆ ಪೊಲೀಸರಿಗೆ ತಿಳಿಸಲೇಬೇಕು ಎನ್ನುತ್ತದೆ 2012ರ ಪೋಕ್ಸೊ ಕಾಯ್ದೆಯ 19ನೇ ಕಲಂ. ತಿಳಿಸದಿದ್ದರೆ ಶಿಕ್ಷೆಯೂ ಇದೆ. ಆದರೂ ‘ಸ್ವಂತ ಸೋದರಮಾವ, ಮರ್ಯಾದೆ ಪ್ರಶ್ನೆ, ಸುಮ್ನಿರಿ’ ಅನ್ನುವ ಮನೆಗಳೇ ಜಾಸ್ತಿ. ಆ ಕಲಂ ಏನು ಹೇಳುತ್ತದೆ ಅನ್ನುವುದನ್ನು, ಜೊತೆಗೆ ಮಕ್ಕಳ ಸಹಾಯವಾಣಿ 1098 ನಂಬರನ್ನು, ನಿಮ್ಮ ಪತ್ರಿಕೆ ವಾರಕ್ಕೊಮ್ಮೆಯಾದರೂ ಅಚ್ಚು ಹಾಕಲಿ.

— ತಿಪಟೂರು ಮೂಲದ ಓದುಗಿ, ಮಿಯಾಮಿ