‘ಸಂಕಟ’ ಎಲ್ಲಿರುತ್ತದೆ?

ಸರಸ್ವತೀಪುರಂ, ಮೈಸೂರು

ಪ್ರಿಯ ಯುವಮಿತ್ರರಿಗೆ, ಸಪ್ರೇಮ ನಮಸ್ಕಾರಗಳು.

ನಿಮ್ಮ ಕತೆಯನ್ನು ಎರಡು ಸಲ ಓದಿದೆ. ನಾಲೆಯ ಕೊನೆಯ ಊರಿಗೆ ನೀರು ತಲುಪದೆ ಕಬ್ಬು ನಿಂತಲ್ಲೇ ಒಣಗುವುದನ್ನು ನೀವು ಕಟ್ಟಿಕೊಟ್ಟಿರುವ ಬಗೆ ನನಗೆ ಹಿಡಿಸಿತು. ನನ್ನ ತಕರಾರು ಇರುವುದು ಒಂದು ಸಾಲಿನ ಬಗ್ಗೆ: ಬದುವಿನ ಮೇಲೆ ಕೂತ ಅವ್ವ ‘ತೀವ್ರ ಸಂಕಟದಿಂದ ಬಳಲುತ್ತಿದ್ದಳು’ ಎಂದು ಬರೆದಿದ್ದೀರಿ. ಜ್ವರದಿಂದ ಬಳಲಬಹುದು, ಸಂಕಟದಿಂದ ನಮ್ಮ ಕಡೆ ಯಾರೂ ಬಳಲುವುದಿಲ್ಲ, ಅದು ಅವರಿಗೆ ‘ಆಗುತ್ತದೆ’.

ಸಂಸ್ಕೃತದಲ್ಲಿ ‘ಸಂಕಟ’ವೆಂದರೆ ಇಕ್ಕಟ್ಟಾದದ್ದು, ಕಿರಿದಾದದ್ದು. ಎರಡು ದಾರಿಯೂ ಸರಿಯೆನಿಸಿ ಮನುಷ್ಯ ನಡುವೆ ಸಿಕ್ಕಿಕೊಳ್ಳುವ ‘ಧರ್ಮಸಂಕಟ’ದಲ್ಲಿ ಆ ಇಕ್ಕಟ್ಟು ಇನ್ನೂ ಉಳಿದಿದೆ, ಬೆಕ್ಕಿನ ಚೆಲ್ಲಾಟಕ್ಕೆ ಪ್ರಾಣಸಂಕಟಪಡುವ ಗಾದೆಯ ಇಲಿಯೂ ಸಿಕ್ಕಿಬಿದ್ದದ್ದೇ. ಆದರೆ ನಮ್ಮ ಜನ ಈ ಪದವನ್ನು ಹೊಟ್ಟೆಗೆ ಇಳಿಸಿಕೊಂಡರು. ಹಳಸಿದ್ದು ತಿಂದರೂ ಸಂಕಟ, ಬಸ್ಸಿನಲ್ಲಿ ವಾಂತಿ ಬರುವ ಮೊದಲೂ ಸಂಕಟ, ಮಗ ಹೇಳದೆ ಕೇಳದೆ ಬೆಂಗಳೂರಿಗೆ ಹೊರಟುಹೋದರೂ ಸಂಕಟ. ಮೂರಕ್ಕೂ ಕೈ ಹೋಗುವುದು ಒಂದೇ ಕಡೆಗೆ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟ್ಟೆಲ್ ನಿಘಂಟು ನನ್ನ ಮೇಜಿನ ಮೇಲೆ ಸದಾ ಇರುತ್ತದೆ, ನಿಮ್ಮ ಬಳಿಯೂ ಇರಲಿ. ಆದರೆ ಕೈ ಎಲ್ಲಿಗೆ ಹೋಗುತ್ತದೆಂಬುದನ್ನು ನೋಡಿಯೇ ತಿಳಿಯಬೇಕು.

ಉಳಿದ ಪದಗಳ ಮಾತು ಬೇರೆ. ‘ಬವಣೆ’ ಭ್ರಮಣದ ತದ್ಭವ, ಅದರಲ್ಲಿ ಅಲೆದಾಟವಿದೆ. ಒಂದು ಮಧ್ಯಾಹ್ನದ ದುಃಖಕ್ಕೆ ಅದು ಒಗ್ಗದು. ‘ಯಾತನೆ’ ನರಕದ ಜೊತೆ ಓಡಾಡಿದ ಪದವಾದ್ದರಿಂದ ಶಿಕ್ಷೆಯ ವಾಸನೆ ಅದನ್ನು ಬಿಟ್ಟಿಲ್ಲ.

ನಾನೂ ಎಡವಿದವನೇ. ನಾನು ಹುಡುಗನಾಗಿದ್ದಾಗ, ಮದ್ದೂರಿನ ಕಡೆಯ ನಮ್ಮ ಊರಿನಲ್ಲಿ, ಹಸುವೊಂದು ಕರು ಹಾಕಲಾರದೆ ರಾತ್ರಿಯೆಲ್ಲ ಒದ್ದಾಡಿತು. ಕೊಟ್ಟಿಗೆಯ ಬಾಗಿಲಲ್ಲಿ ಕುಕ್ಕರುಗಾಲಲ್ಲಿ ಕೂತ ಅವ್ವ, ಸೆರಗನ್ನು ಮುದ್ದೆ ಮಾಡಿ ಹೊಟ್ಟೆಗೆ ಒತ್ತಿಕೊಂಡು, ‘ನೋಡಕಾಯ್ತಿಲ್ಲ ಕಣ್ಲಾ, ಒಟ್ಟೇಲಿ ಸಂಕ್ಟ ಆಯ್ತದೆ’ ಎಂದಳು. ನೋವು ಹಸುವಿನದು, ಸಂಕಟ ಅವ್ವನದು. ಮುಂದೆ ಇದನ್ನೇ ಕತೆಯಾಗಿಸಿದಾಗ ‘ಆಕೆಯ ಮಾತೃಹೃದಯ ಯಾತನೆಯಿಂದ ತತ್ತರಿಸಿತು’ ಎಂದು ಬರೆದೆ. ಅದು ಅಚ್ಚೂ ಆಯಿತು. ಓದು ಬಾರದ ಅವ್ವನಿಗೆ ಅದನ್ನು ಓದಿ ಹೇಳಿದಾಗ ಅವಳು ಕೇಳಿದ್ದು ಇಷ್ಟೇ: ‘ಯಾರ್ಲಾ ಅವ್ಳು?’

ನಿಮ್ಮ ಕತೆಯ ತಾಯಿಯೂ ಇಂಥದೇ ಇಕ್ಕಟ್ಟಿನಲ್ಲಿದ್ದಾಳೆ. ಒಣಗುತ್ತಿರುವುದು ಕಬ್ಬು, ಹಿಂಡುತ್ತಿರುವುದು ಅವಳ ಹೊಟ್ಟೆ. ಆ ಸಾಲಿನ ಜಾಗದಲ್ಲಿ ‘ಅವ್ವನಿಗೆ ಸಂಕಟವಾಯಿತು’ ಎಂದಷ್ಟೇ ಬರೆದು ನೋಡಿ, ಒಂದು ವಾರ ಬಿಟ್ಟು ಮತ್ತೆ ಓದಿ. ಅವಳ ಕೈ ಒಣಗಿದ ಗರಿಯನ್ನು ಸೀಳುತ್ತಿರುವುದು ಅಷ್ಟರೊಳಗೆ ನಿಮ್ಮ ಕಣ್ಣಿಗೆ ಬಿದ್ದರೆ ಆ ಎರಡು ಪದಗಳನ್ನೂ ತೆಗೆದುಬಿಡಬಹುದು. ತಿದ್ದಿದ ಪ್ರತಿಯನ್ನು ದಸರಾ ಕಳೆದ ಮೇಲೆ ಕಳುಹಿಸಿ. ಅಲ್ಲಿಯವರೆಗೆ ನಮ್ಮ ಮನೆ ತುಂಬ ನೆಂಟರು.

ಇತಿ ನಿಮ್ಮ ವಿಶ್ವಾಸಿ